ಕನ್ನಡಿ ಹಿಡಿದವಳ ಹಲ್ಲು

ನಾಲ್ಕು ಚಿತ್ರಗಳಲ್ಲಿದ್ದ ಹೆಂಗಸರ ಹಲ್ಲಿಗೆ ಬಿಳಿ ಪೇಂಟು ಬಳಿಯಲಾಗಿತ್ತು. ಬಳಿದವನು ಮುದಕಪ್ಪ, ಬಳಿಯೆಂದವನು ರಿಸಾರ್ಟಿನ ಮಾಲಕ ಸಂಜೀವಕುಮಾರ. ಚಿತ್ರ ಬರೆದ ಅಂಬರೀನಳನ್ನು ಯಾರೂ ಕೇಳಿರಲಿಲ್ಲ.

ಹೊಸ ಆರ್ಡರಿನ ಮಾತಿಗೆಂದು ದಾಂಡೇಲಿ ಪೇಟೆಯಿಂದ ಹೊಳೆದಂಡೆಯ ಆ ರಿಸಾರ್ಟಿಗೆ ಬಂದವಳು ಊಟದ ಹಾಲಿನಲ್ಲಿ ನಿಂತುಬಿಟ್ಟಳು. ಹಳೆಯ ಜಪಾನಿನಲ್ಲಿ ಮರದ ಅಚ್ಚು ಕೆತ್ತಿ ಕಾಗದಕ್ಕೆ ಒತ್ತುತ್ತಿದ್ದ ಚಿತ್ರಗಳಲ್ಲಿನ ಹೆಂಗಸರನ್ನು ಫೋನಿನಲ್ಲಿ ನೋಡಿಕೊಂಡು, ಕ್ಯಾನ್ವಾಸಿನ ಮೇಲೆ ಅವಳೇ ಕೈಯಾರೆ ಬರೆದ ನಕಲುಗಳು ಅವು. ಒಬ್ಬಳು ವಸ್ತ್ರದ ತುದಿ ಕಚ್ಚಿಕೊಂಡವಳು. ಒಬ್ಬಳು ತೋಳಿನ ಮರೆಯಲ್ಲಿ ನಗುವವಳು. ಒಬ್ಬಳು ಬಾಚಣಿಕೆ ಬಾಯಲ್ಲಿ ಹಿಡಿದು ತುರುಬು ಕಟ್ಟುವವಳು. ನಾಲ್ಕನೆಯವಳು ಕೈಗನ್ನಡಿ ಹಿಡಿದು, ಸಣ್ಣ ಕುಂಚದಿಂದ ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದವಳು. ಈಗ ಅವಳ ಹಲ್ಲು ಗೋಡೆಯಷ್ಟು ಬೆಳ್ಳಗಿದ್ದವು. ಬಟ್ಟಲಿನಲ್ಲಿ ಕಪ್ಪು ಹಾಗೆಯೇ ಇತ್ತು, ಕುಂಚದ ತುದಿಯಲ್ಲೂ ಇತ್ತು.

ಕ್ಯಾನ್ವಾಸಿಗೆ ಬೂಷ್ಟು ಬಂದಿರಬೇಕು ಎಂದುಕೊಂಡಳು ಮೊದಲು. ಉಗುರಿನಿಂದ ಮುಟ್ಟಿ ನೋಡಿದಳು. ಬಾಗಿಲಿಗೆ ಹಚ್ಚುವ ಪೇಂಟು.

ಏಣಿಯ ಮೇಲೆ ಕಿಟಕಿಗೆ ಬಣ್ಣ ಹಚ್ಚುತ್ತಿದ್ದ ಮುದಕಪ್ಪ ಅವಳನ್ನು ನೋಡಿ ಕೆಳಗಿಳಿದ. ಅವಳ ಅಪ್ಪ ಬಂದೇನವಾಜ ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಬರೆಯುತ್ತಿದ್ದಾಗ ಬಣ್ಣ ಕಲಸಿ ಕೊಡುತ್ತಿದ್ದವನು ಇವನೇ. ಮುಚ್ಚಿಡುವ ಬುದ್ಧಿ ಅವನಿಗೆ ಇರಲಿಲ್ಲ.

"ಕರಿ ಮ್ಯಾಲ ಬಿಳಿ ಕೂಡೂದ ಇಲ್ಲ ಬೇಟಿ. ಎರಡ ಕೋಟ್ ಕುಡದ್ವು ನಿನ್ನ ಹೆಣಮಕ್ಕಳು" ಎಂದ. ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ಹಚ್ಚು ಅಂದ್ರು, ಹಚ್ಚಿದೆ. ನಿಮ್ಮಪ್ಪ ಇದ್ದಿದ್ರ ಬೈತಿದ್ದ ನನಗ."

ಬೈಯುತ್ತಿದ್ದನೇ? ಅಂಬರೀನಳಿಗೆ ಖಾತ್ರಿಯಿರಲಿಲ್ಲ. ಗಿರಾಕಿ ಹಸಿರು ಅಂದರೆ ಹಸಿರು, ಕೆಂಪು ಅಂದರೆ ಕೆಂಪು ಬರೆದೇ ಅಪ್ಪ ಆರು ಮಂದಿಯ ಹೊಟ್ಟೆ ಹೊರೆದಿದ್ದ. ಇನ್ನು ಆ ಹಲ್ಲುಗಳನ್ನು ಮೊದಲು ಬಿಳಿ ಮಾಡಹೊರಟವಳು ಅವಳೇ. ಫೋನಿನಲ್ಲಿ ಕಂಡ ಕಪ್ಪನ್ನು ಹಳೆ ಕಾಗದದ ಕಲೆಯೆಂದು ತಿಳಿದು ಬಿಳಿ ಕಲಸಿಟ್ಟಿದ್ದಳು. ತಡೆದದ್ದು ದಾದಿ, ಅಪ್ಪನ ತಾಯಿ ಅಮೀರುನ್ನಿಸಾ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಕನ್ನಡಿ ಹಿಡಿದವಳ ಬಟ್ಟಲು ತೋರಿಸಿ, ಇದು ಮಿಸ್ಸಿ ಎಂದಿದ್ದಳು. ಮದುವೆಯ ದಿನ ದಾದಿಗೂ ಹಲ್ಲಿಗೆ ಆ ಕರಿ ಪುಡಿ ಹಚ್ಚಿದ್ದರಂತೆ. ಬಣ್ಣ ಹಿಡಿಯಿತೋ ಇಲ್ಲವೋ ನೋಡಲು ಹೆಂಗಸರೆಲ್ಲ ಸೇರಿ ಅವಳನ್ನು ನಗಿಸಿ ನಗಿಸಿ ಸಾಕುಮಾಡಿದ್ದರಂತೆ. ಜಪಾನಿನಲ್ಲಿ ಮಿಸ್ಸಿ ಎಲ್ಲಿಂದ ಬಂತು ಎಂದು ಕೇಳಿದರೆ, ಈಕೆ ಸವಣೂರಿನ ಕಡೆಯವಳೇ ಇರಬೇಕು ಎಂದು ದಾದಿ ವಾದ ಮಾಡಿದ್ದಳು. ಅಂಬರೀನ ನಕ್ಕಿದ್ದಳು. ನಕ್ಕು, ಹಲ್ಲುಗಳನ್ನು ಕಪ್ಪಾಗಿಯೇ ಬರೆದಿದ್ದಳು. ಯಾವುದು ಸರಿ, ಯಾಕೆ ಸರಿ ಎಂದು ಅವಳಿಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ.

ಸಂಜೀವಕುಮಾರ ಬಂದವನೇ ಚಹಾ ತರಿಸಿದ. ಕೆಟ್ಟ ಮಾತಿನವನಲ್ಲ. ಊಟಕ್ಕೆ ಕೂತವರು ಇವರೇನು ಗುಟ್ಕಾ ತಿನ್ನುತ್ತಾರೇನ್ರಿ ಎಂದು ನಗುತ್ತಾರೆ, ಒಂದು ಕೂಸಂತೂ ಅಂಜಿ ಅತ್ತಿತು ಎಂದ. ಕ್ಯಾಸಲ್‌ರಾಕಿನಲ್ಲಿ ಅವನ ಇನ್ನೊಂದು ರಿಸಾರ್ಟು ಏಳುತ್ತಿತ್ತು. ಅಲ್ಲಿನ ಕೋಣೆಕೋಣೆಗೂ ಅವಳದೇ ಚಿತ್ರ. ಆ ಕೆಲಸ ಸಿಕ್ಕರೆ, ಫ್ಲೆಕ್ಸು ಬಂದ ಮೇಲೆ ಅಪ್ಪ ಕಳೆದುಕೊಂಡ ಅಂಗಡಿಯನ್ನು ಅಂಬರೀನ ಮತ್ತೆ ಹಿಡಿಯಬಹುದಿತ್ತು. ಇಷ್ಟು ದಿನ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಿದ್ದವನು ಈಗ ಬಿಡುತ್ತಿದ್ದ.

"ಮುದಕಪ್ಪಂದು ಗ್ವಾಡಿ ಕೈ" ಎಂದ ಸಂಜೀವಕುಮಾರ. "ಸುಣ್ಣಾ ಮೆತ್ತಿದಂಗ ಕಾಣ್ತೈತಿ. ನೀ ಸಣ್ಣ ಬ್ರಷ್ ತಗೊಂಡು ಒಂದೊಂದ ಹಲ್ಲು ಚಂದಾಗಿ ತಿದ್ದಿ ಕೊಡಮ್ಮಾ. ತಿದ್ದು, ನಾಳೆನ ಕ್ಯಾಸಲ್‌ರಾಕಿಗೆ ಹೋಗೂಣು."

"ಈಕಿ ಹಲ್ಲಿಗೆ ಕಪ್ಪು ಹಚ್ಚಿಕೊಳ್ಳಾಕತ್ತಾಳ್ರಿ ಸರ್. ಬಿಳಿ ಮಾಡಿದ್ರ ಈಕಿ ಏನ್ ಮಾಡಾಕತ್ತಾಳ ಅಂತಾರ ನೋಡಿದವ್ರು?"

"ಹಲ್ಲ ತಿಕ್ಕಾಕತ್ತಾಳ ಅಂತಾರ."

ಏಣಿಯ ಮೇಲೆ ಮತ್ತೆ ಹತ್ತಿದ್ದ ಮುದಕಪ್ಪ ನಗು ತಡೆಯಲಾರದೆ ಕೆಮ್ಮಿದ. ಅಂಬರೀನಳಿಗೂ ನಗು ಬಂತು. ಅದೇ ಅವಳನ್ನು ಹೆಚ್ಚು ಕಂಗೆಡಿಸಿತು.

"ಮತ್ತ ಇವು ನಿನ್ನ ಚಿತ್ರಾನೂ ಅಲ್ಲ ನೋಡು" ಎಂದ ಸಂಜೀವಕುಮಾರ, ಸಿಟ್ಟಿಲ್ಲದೆ. "ನೀನೂ ನಕಲು ಮಾಡೀದಿ. ಬರದಾಂವನ್ನ ಕೇಳಿ ಮಾಡಿದೇನು?"

ಕೇಳಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗದ ಹಸಿರಿಗೆ ಬೇರೆ ಹಸಿರು ಹಾಕಿದ್ದಳು. ಒಬ್ಬಳ ಮೂಗನ್ನು ತನಗೆ ಹಿಡಿಸುವಂತೆ ಮೊಂಡು ಮಾಡಿದ್ದಳು. ಅದು ತಪ್ಪಲ್ಲವೆಂದರೆ ಇದು ಹೇಗೆ ತಪ್ಪು? ದುಡ್ಡು ಕೊಟ್ಟವನ ಗೋಡೆ, ದುಡ್ಡು ಕೊಟ್ಟವನ ಚಿತ್ರ.

ಸ್ಟೂಲು, ಬಿಳಿ ಪೇಂಟಿನ ಡಬ್ಬಿ ತಂದು ನಾಲ್ಕನೆಯವಳ ಮುಂದಿಟ್ಟರು. ಅಂಬರೀನ ಕೂತಳು. ಬ್ಯಾಗಿನಿಂದ ಸಣ್ಣ ಬ್ರಷ್ಷು ತೆಗೆದಳು, ಬಿಳಿಯಲ್ಲಿ ಅದ್ದಿದಳು, ಮುಂದಿನ ಹಲ್ಲಿನ ಅಂಚಿನವರೆಗೂ ಒಯ್ದಳು. ಎದುರಿಗಿದ್ದವಳ ಕೈಯಲ್ಲೂ ಅಷ್ಟೇ ಸಣ್ಣ ಬ್ರಷ್ಷು, ಅದೇ ಹಲ್ಲಿನ ಇನ್ನೊಂದು ಅಂಚಿಗೆ, ಕಪ್ಪು ಅದ್ದಿಕೊಂಡು.

"ನಾ ತಿದ್ದೂದಿಲ್ರಿ ಸರ್."

"ಯಾಕ?"

ಯೋಚಿಸಿದಳು. "ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ? ಕ್ಯಾಸಲ್‌ರಾಕ್ ಕೆಲಸಾ ಬ್ಯಾಡೇನು?"

"ಬೇಕ್ರಿ."

ಸಂಜೀವಕುಮಾರ ಮುದಕಪ್ಪನ ಕಡೆ ನೋಡಿದ. ಮುದಕಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಹೊರಗೆ ರಾಫ್ಟಿಂಗ್ ಮುಗಿಸಿದವರ ಗದ್ದಲ ಹತ್ತಿರವಾಗುತ್ತಿತ್ತು.

"ಆತು, ಏಳು ಹಂಗಾರ. ಊಟಕ್ಕ ಮಂದಿ ಬಂದ್ರು."

ಸಪ್ಲಾಯರು ಟೇಬಲ್ಲುಗಳ ಮೇಲೆ ತಟ್ಟೆ ಇಡುತ್ತ ಬಂದ, ಸ್ಟೂಲಿನ ಹತ್ತಿರ ನಿಂತ, ಅವಳನ್ನು ಬಳಸಿಕೊಂಡು ಮುಂದಿನ ಟೇಬಲ್ಲಿಗೆ ಹೋದ. ಒದ್ದೆ ಬಟ್ಟೆಯ ಜನ ಒಳಗೆ ಬರತೊಡಗಿದರು. ಅಂಬರೀನ ಏಳಲಿಲ್ಲ.