ಬಾಗಿಲು ತೆರೆಯದ ಸೋಮವಾರ

ಕೊಂಕಣಿ ಸೀಮೆಯ ಉಸಗಾಂವದ ಒಂದು ಬಾಲವಾಡಿಯಲ್ಲಿ ಫಿರ್ದೋಸ ಸಹಾಯಕಿ. ಕಸ ಹೊಡೆಯುವುದು, ಉಪ್ಪಿಟ್ಟು ಮಾಡುವುದು, ಮಕ್ಕಳ ಮೂಗು ಒರೆಸುವುದು ಅವಳ ಕೆಲಸ. ಇವುಗಳ ಜೊತೆಗೆ ಇನ್ನೊಂದು ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂದಿತ್ತು. ಶಿಕ್ಷಕಿ ದೇವಿಬಾಯಿ ಫೋನಿನ ಗ್ರೂಪಿಗೆ ಎಲ್ಲವನ್ನೂ ಮರಾಠಿಯಲ್ಲಿ ಬರೆದು ಹಾಕುತ್ತಿದ್ದರು. ನಾಳೆ ಲಸಿಕೆ ಹಾಕುವವರು ಬರುತ್ತಾರೆ, ಶುಕ್ರವಾರ ರಜೆ, ಹೀಗೆ. ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ಅವರಿಗೆ ಆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಅದನ್ನೇ ಫಿರ್ದೋಸ ಕನ್ನಡದಲ್ಲಿ ಮಾತಾಡಿ ಕಳಿಸುತ್ತಿದ್ದಳು. ಅವಳ ದನಿ ಕೇಳಿದರೆ ಮಕ್ಕಳು ಒಲೆಯ ಮುಂದಿನಿಂದಲೇ "ಫಿರ್ದೋಸಕ್ಕಾ!" ಎಂದು ಕೂಗುತ್ತಿದ್ದವಂತೆ. ಆ ವಿಷಯ ತಿಳಿದಾಗಿನಿಂದ ಅವಳಿಗೆ ಒಳಗೊಳಗೇ ಹಿಗ್ಗು.

ಒಂದು ಭಾನುವಾರ ಸಂಜೆ ದೇವಿಬಾಯಿಗೆ ಮೈತುಂಬ ನೀರುಗುಳ್ಳೆ ಎದ್ದವು. ಡಾಕ್ಟರು ಚಿಕನ್‌ಪಾಕ್ಸ್ ಎಂದರು. ಫಿರ್ದೋಸ ಕೂಡಲೇ ಫೋನು ಹಿಡಿದಳು.

"ಕೇಳ್ರಿ ಎಲ್ಲಾರೂ. ಟೀಚರಿಗೆ ಅಮ್ಮ ಬಂದಾಳ. ಹದಿನೈದು ದಿನ ಶಾಳಿ ಇರೂದಿಲ್ಲ. ಹುಡುಗರ ಮೈ ನೋಡ್ಕೊಂತ ಇರ್ರಿ. ಜ್ವರ ಬಂದ್ರ, ಗುಳ್ಳಿ ಎದ್ರ ದವಾಖಾನಿಗೆ ತೋರಸ್ರಿ, ಹೆದರಬ್ಯಾಡ್ರಿ."

ಒಬ್ಬೊಬ್ಬರಾಗಿ ಗ್ರೂಪಿನಲ್ಲಿ ಹೆಬ್ಬೆರಳಿನ ಗುರುತು ಹಾಕಿದರು. ಎಲ್ಲರಿಗೂ ಮುಟ್ಟಿತು ಅಂದುಕೊಂಡು ಫಿರ್ದೋಸ ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಮರುದಿನ ಹತ್ತೂವರೆಗೆ ಚಾಪೆ ಒಣಗಿಸಿ ನೆಲಕ್ಕೆ ಫಿನಾಯಿಲ್ ಹಾಕೋಣವೆಂದು ಬಾಲವಾಡಿಗೆ ಹೋದಳು. ಮೆಟ್ಟಿಲ ಮೇಲೆ ನಾಲ್ಕು ವರ್ಷದ ಅಶ್ವಿನಿ ಕೂತಿದ್ದಳು. ಚಪ್ಪಲಿ ಬಿಚ್ಚಿ ಗೋಡೆಗೆ ಒತ್ತಿಟ್ಟಿದ್ದಳು. ಡಬ್ಬಿ ತೆರೆದಿತ್ತು. ಮಾತು ಕೊಂಕಣಿಯದೋ ಕನ್ನಡದ್ದೋ ತಿಳಿಯದ ಹಾಗೆ ಏನೋ ಹಾಡುತ್ತಿದ್ದಳು.

ಫಿರ್ದೋಸ ಓಡಿ ಹೋಗಿ ಅವಳ ಮುಂದೆ ಕೂತಳು. "ಯಾರು ಬಿಟ್ಟು ಹೋದ್ರವ್ವಾ ನಿನ್ನ?"

"ಅವ್ವ. ಬಾಗಲಾ ತಗದಿರಲಿಲ್ಲ. ಅದಕ್ಕ ನಾ ಒಬ್ಬಾಕಿನ ಶಾಳಿ ಮಾಡಾಕತ್ತೇನಿ."

ಅವಳನ್ನು ಎತ್ತಿಕೊಂಡಾಗ ಬಿಸಿಲಿಗೆ ಕಾದ ನೆತ್ತಿ ಫಿರ್ದೋಸಳ ಗಲ್ಲಕ್ಕೆ ತಾಗಿತು. ಎರಡೂವರೆ ತಾಸು ಆ ಕೂಸು ಅಲ್ಲಿ ಕೂತಿತ್ತು. ಎದುರಿಗೆ ಲಾರಿ ಓಡಾಡುವ ರಸ್ತೆ.

ಅಶ್ವಿನಿಯ ತಾಯಿ ಬಾಳಮ್ಮ ಕಟ್ಟಡದ ಕೆಲಸದವಳು. ಕಂತ್ರಾಟುದಾರನ ಗಾಡಿ ಎಂಟಕ್ಕೆ ಮೂಲೆಗೆ ಬಂದು ನಿಲ್ಲುತ್ತಿತ್ತು. ಮಗಳನ್ನು ಅಲ್ಲಿಂದಲೇ ಬಿಟ್ಟರೆ ಅವಳು ಓಡಿ ಮೆಟ್ಟಿಲು ಹತ್ತುತ್ತಿದ್ದಳು, ಒಳಗೆ ಫಿರ್ದೋಸ ಇದ್ದೇ ಇರುತ್ತಿದ್ದಳು. ಬಾಲವಾಡಿಯ ಹಾಜರಿ ಪುಸ್ತಕದಲ್ಲಿದ್ದದ್ದು ಬಾಳಮ್ಮನ ಗಂಡ ಮಾನಪ್ಪನ ನಂಬರು ಮಾತ್ರ. ಅವನು ದೂರದ ಮ್ಹಾಪಸಾ ಪಟ್ಟಣದಲ್ಲಿ ಗಾರೆ ಕೆಲಸಕ್ಕಿದ್ದು ಶನಿವಾರಕ್ಕೊಮ್ಮೆ ಬಂದು ಭಾನುವಾರ ಮಧ್ಯಾಹ್ನವೇ ಹೊರಟುಬಿಡುವವನು. ಮನೆಗೆ ಇದ್ದದ್ದು ಅದೊಂದೇ ಫೋನು. ಇಷ್ಟು ದಿನ ತನ್ನ ದನಿ ಯಾರ ಜೇಬಿಗೆ ಹೋಗಿ ಬೀಳುತ್ತಿತ್ತು ಎಂಬುದನ್ನು ಫಿರ್ದೋಸ ಯೋಚಿಸಿರಲೇ ಇಲ್ಲ.

ಆ ನಂಬರಿಗೆ ಹಚ್ಚಿದರೆ ಫೋನು ಬಂದ್ ಆಗಿತ್ತು. ಮಗುವನ್ನು ಮನೆಗೆ ಕರೆದೊಯ್ದು ಕೈಕಾಲು ತೊಳೆದು ಅನ್ನ ಸಾರು ಉಣಿಸಿದಳು. ಮೈಯೆಲ್ಲ ನೋಡಿದಳು. ಗುಳ್ಳೆ ಇರಲಿಲ್ಲ.

ಮಧ್ಯಾಹ್ನ ಮಾನಪ್ಪನೇ ಫೋನು ಮಾಡಿದ. ಚಹಾದಂಗಡಿಯಲ್ಲಿ ಚಾರ್ಜಿಗೆ ಹಾಕಿ ಆಗಷ್ಟೇ ಅವಳ ಮಾತು ಕೇಳಿದ್ದ.

"ಅಕ್ಕಾರ, ನಮ್ಮ ಹುಡುಗಿ..."

"ನನ್ನ ಕಡೆ ಅದಾಳ. ಉಂಡು ಮಲಗ್ಯಾಳ. ಬಾಳಮ್ಮ ಎಲ್ಲಿ ಕೆಲಸಕ್ಕ ಹೋಗ್ಯಾಳ್ರಿ?"

"ಗೊತ್ತಿಲ್ರಿ. ದಿನಾ ಒಂದೊಂದು ಕಡೆ ಒಯ್ತಾರ. ನಾ ಬರ್ತೇನ್ರಿ" ಎಂದ.

"ಬ್ಯಾಡ್ರಿ, ಕೂಸು ಆರಾಮ ಐತಿ" ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಮೂರು ಬಸ್ಸು ಬದಲಿಸಿ ನಾಲ್ಕೂವರೆಗೆ ಅವನು ಫಿರ್ದೋಸಳ ಬಾಗಿಲಲ್ಲಿ ನಿಂತಿದ್ದ. ತಲೆ, ಹುಬ್ಬು, ರೆಪ್ಪೆ ಎಲ್ಲ ಸಿಮೆಂಟು. ಅಶ್ವಿನಿ ಕಣ್ಣುಜ್ಜಿಕೊಂಡು ನೋಡಿ, "ಇವತ್ತು ಶನಿವಾರ ಏನಪ್ಪಾ?" ಎಂದಳು. ಅವನು ಅವಳನ್ನು ಮುಟ್ಟಲಿಲ್ಲ. ಮೊದಲು ನಲ್ಲಿಯ ಕೆಳಗೆ ಮೊಣಕೈಯವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡ. ಆಮೇಲೆ ತಬ್ಬಿಕೊಂಡು ಬಹಳ ಹೊತ್ತು ಹಾಗೇ ಕೂತ.

ಬಾಲವಾಡಿಗೆ ಬೀಗ ಕಂಡು ಬಾಳಮ್ಮ ಸಂಜೆ ಫಿರ್ದೋಸಳ ಮನೆಗೆ ಓಡಿ ಬಂದಳು. ಗಂಡ ಅಲ್ಲಿರುವುದನ್ನು ನೋಡಿದ್ದೇ ಹೊಸ್ತಿಲಿಂದಲೇ ಕೇಳಿದಳು. "ಏನಾತ್ರಿ? ಯಾರಿಗೆ ಏನಾತು?"

ಫಿರ್ದೋಸ ಎಲ್ಲ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಬಾಳಮ್ಮ ಮಗಳ ಪಾದ ಎರಡನ್ನೂ ಅಂಗೈಯಲ್ಲಿ ಹಿಡಿದುಕೊಂಡಳು. "ಗಾಡಿಯಾಂವ ಹಾರ್ನ್ ಹೊಡಿಯಾಕತ್ತಿದ್ದ ಅಕ್ಕಾ. ನಾ ಹೊಳ್ಳಿ ನೋಡಲಿಲ್ಲ."

"ತಪ್ಪು ನಂದೈತಿ. ಗ್ರೂಪಿಗೆ ಹಾಕಿ ನಾ ಕೈ ತೊಳಕೊಂಡೆ. ನಿನಗ ಮುಟ್ಟಿತೋ ಇಲ್ಲೋ ಕೇಳಲಿಲ್ಲ."

ಮಾನಪ್ಪ ತಲೆಯೆತ್ತದೆ ಹೇಳಿದ. "ಫೋನು ನಾ ಒಯ್ತಿದ್ದೆ. ಇಕಿ ಕಡೆ ಇರಬೇಕಾಗಿತ್ತದು." ಆಮೇಲೆ ಮೂವರೂ ಚಹಾ ಕುಡಿದರು.

ಮರುದಿನದಿಂದ ಫಿರ್ದೋಸ ಮನೆ ಮನೆ ತಿರುಗಿದಳು. ಫೋನು ಯಾರ ಕೈಯಲ್ಲಿರುತ್ತದೆ, ತಾಯಿ ಎಲ್ಲಿ ದುಡಿಯುತ್ತಾಳೆ, ಪಕ್ಕದಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿದಳು. ಏಳು ಮನೆಗಳಲ್ಲಿ ಫೋನು ಹಗಲೆಲ್ಲ ಗಂಡಸರ ಜೊತೆ ಹೊರಗೆ. ಸುದ್ದಿ ಬಂದರೆ ಆ ತಾಯಂದಿರಿಗೆ ಹೋಗಿ ಹೇಳಲು ನೆರೆಯವರು ಒಪ್ಪಿದರು. ಬಾಳಮ್ಮನ ಪಾಲಿಗೆ ಪಕ್ಕದ ಕೋಣೆಯ ಅಸ್ಮಾ. "ಇಷ್ಟಕ್ಕ ಕೇಳಬೇಕೇನ ಅಕ್ಕಾ, ಗ್ವಾಡಿ ಬಡದ್ರ ಸಾಕು" ಎಂದು ಅಸ್ಮಾ ನಕ್ಕಳು.

ಹದಿನೈದು ದಿನ ಕಳೆಯುತ್ತ ಬಂದಾಗ ಫಿರ್ದೋಸ ದೇವಿಬಾಯಿಯನ್ನು ನೋಡಿ ಬಂದಳು. ರೋಗ ಇಳಿದಿತ್ತು, ಆದರೆ ಮುಖದ ತುಂಬ ಕಪ್ಪು ಕಲೆ. "ಮಕ್ಕಳು ನನ್ನ ಹತ್ತಿರ ಬರುತ್ತಾರೋ ಇಲ್ಲವೋ" ಎಂದು ದೇವಿಬಾಯಿ ಹಿಂದಿಯಲ್ಲಿ ಅಳುಕಿದರು.

ಅಂದು ಸಂಜೆ ಫಿರ್ದೋಸ ಮತ್ತೆ ಫೋನಿನಲ್ಲಿ ಮಾತಾಡಿದಳು. "ಸೋಮವಾರ ಶಾಳಿ ಚಾಲೂ. ಟೀಚರ್ ಆರಾಮ ಆಗ್ಯಾರ, ಇನ್ನ ಯಾರಿಗೂ ಹತ್ತೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ಅವರ ಮಾರಿ ಮ್ಯಾಲೆ ಕಲಿ ಅದಾವ. ಹುಡುಗರಿಗೆ ಮೊದಲ ಹೇಳಿ ಕಳಸ್ರಿ, ಅಂಜಬಾರ್ದು." ಕಳಿಸಿ, ಆ ಏಳೂ ಮನೆಗೆ ಖುದ್ದು ಹೋಗಿ ಬಂದಳು.

ಸೋಮವಾರ ದೇವಿಬಾಯಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದರು. ಮಕ್ಕಳು ಬಾಗಿಲಲ್ಲೇ ಗುಂಪಾಗಿ ನಿಂತವು. ಅಶ್ವಿನಿ ಮುಂದೆ ಹೋಗಿ ಸೆರಗು ಸರಿಸಿ, ಒಂದು ಕಲೆಯ ಮೇಲೆ ಬೆರಳಿಟ್ಟಳು.

"ನೋಯ್ತೈತೇನ್ರಿ ಟೀಚರ್?"

ದೇವಿಬಾಯಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಇಲ್ಲವೆಂದು ತಲೆಯಾಡಿಸಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಉಳಿದ ಮಕ್ಕಳೂ ತಮ್ಮ ತಮ್ಮ ಬೆರಳು ಚಾಚಿಕೊಂಡು ಸುತ್ತ ಬಂದು ನಿಂತವು.