ಕಂದು ತಿರುಗಿದ ಶಾಲುಗಳು

ಹಗ್ಗದ ಮೇಲೆ ಹರವಿದ್ದ ಶಾಲುಗಳನ್ನು ಅವಳು ಒಂದೊಂದಾಗಿ ತಿರುಗಿಸಿ ನೋಡಿದಳು. ಬಣ್ಣ ಹಾಕಿಕೊಡಲು ಕೊಟ್ಟಿದ್ದ ಹಾಡುವ ತಂಡದವರು ಕೇಳಿದ್ದು ಗಾಢ ಕೆಂಪು, ಎಲ್ಲವೂ ಒಂದೇ ಬಣ್ಣ. ನಿನ್ನೆಯವು ಹಾಗೇ ಬಂದಿದ್ದವು. ಇವತ್ತಿನವು ಕೆಸರು ಮೆತ್ತಿದ ಇಟ್ಟಿಗೆಯ ಹಾಗೆ ಕಂದು ತಿರುಗಿದ್ದವು.

ಬಟ್ಟೆಯ ಗಂಜಿ ಬಿಡುವ ತನಕ ತೊಳೆದವಳು ಅವಳೇ. ಉಪ್ಪು, ಸೋಡಾ ಅಳೆದು ಹಾಕಿದವಳೂ ಅವಳೇ. ಬಣ್ಣದ ಪುಡಿ ಕದಡಿದ್ದು ಮಾತ್ರ ಗಂಡ. ಬೆನ್ನುನೋವೆಂದು ಮರಗೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವನಿಗೆ ಹೆಂಡತಿಯ ಕೆಲಸಕ್ಕೆ ಕೈಜೋಡಿಸುವ ಹುಮ್ಮಸ್ಸು ಬಂದಿತ್ತು. ಆ ಸಹಾಯವನ್ನು ಸರಿಪಡಿಸುವುದೇ ಅವಳಿಗೆ ಇನ್ನೊಂದು ಕೆಲಸವಾಗಿತ್ತು.

“ರೀ, ಯಾವ ಡಬ್ಬದಿಂದ ಪುಡಿ ತಗೊಂಡ್ರಿ?”

“ಕೆಂಪಿಂದೇ. ಎರಡು ಡಬ್ಬದಲ್ಲೂ ಚೂರು ಚೂರು ಉಳಿದಿತ್ತು, ಎರಡನ್ನೂ ಸುರಿದೆ.”

ಅವಳು ಡಬ್ಬಗಳನ್ನು ತಂದು ಅವನೆದುರು ಕುಕ್ಕಿದಳು. ಹಬೆಗೆ ಎರಡರ ಚೀಟಿಯೂ ಕಿತ್ತುಹೋಗಿತ್ತು. ಒಂದರ ತಳಕ್ಕೆ ಅಂಟಿದ್ದ ಪುಡಿಯನ್ನು ತೋರಿಸಿದಳು.

“ಇದು ಹಸಿರು ಕಣ್ರೀ! ಕಣ್ಣು ಎಲ್ಲಿಟ್ಟಿದ್ರಿ?”

ಅವನು ಎರಡನ್ನೂ ಬೆಳಕಿಗೆ ಹಿಡಿದು ನೋಡಿದ, ಅದಲು ಬದಲು ಮಾಡಿ ಮತ್ತೆ ನೋಡಿದ. “ನಂಗೆ ಎರಡೂ ಒಂದೇ ಥರ ಕಾಣುತ್ತೆ ಕಣೇ. ಚಿಕ್ಕಂದಿನಿಂದ್ಲೂ ಅಷ್ಟೇ.”

“ಮತ್ತೆ ನಾನು ಹೊಸ ಬಟ್ಟೆ ಹಾಕ್ಕೊಂಡಾಗೆಲ್ಲ, ಈ ಬಣ್ಣ ನಿಂಗೆ ಒಪ್ಪುತ್ತೆ ಅಂತಿದ್ರಲ್ಲ?”

“ನಿನ್ನ ಮುಖ ನೋಡಿ ಹೇಳ್ತಿದ್ದೆ. ಖುಷಿಯಾಗಿದ್ರೆ, ಒಪ್ಪುತ್ತೆ ಅಂತಿದ್ದೆ.”

ಬೈಯಲು ಬಾಯಿ ತೆರೆದವಳಿಗೆ ಬೈಯುವಷ್ಟೂ ತ್ರಾಣ ಉಳಿದಿರಲಿಲ್ಲ. ನಗು ಬಂತು, ಅದೂ ಅರ್ಧಕ್ಕೇ ನಿಂತಿತು. ಮಕ್ಕಳ ಮದುವೆಯೂ ಆಗಿಹೋಗಿತ್ತು, ಈ ಮನುಷ್ಯ ಇಷ್ಟು ದಿನ ತುಟಿ ಪಿಟಕ್ಕೆನ್ನದೆ ಇದ್ದುಬಿಟ್ಟಿದ್ದ.

“ಹೇಳೋಕೇನಾಗಿತ್ತು?”

“ಮೊದಮೊದಲು ನಾಚಿಕೆ. ಆಮೇಲೆ ಮರೆತೇ ಹೋಯ್ತು.”

ಅವಳು ತಂಡದ ಹಿರಿಯಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು; ಕಂದು ತಿರುಗಿದ್ದನ್ನು ಮತ್ತೆ ಕೆಂಪು ಮಾಡಲಾಗದು, ಇನ್ನೂ ಗಾಢ ಮಾಡಬಹುದಷ್ಟೇ ಎಂದಳು. “ಕಪ್ಪಗಾದ್ರೂ ಪರವಾಗಿಲ್ಲಮ್ಮ, ಎಲ್ಲ ಒಂದೇ ಥರ ಇರ್ಲಿ,” ಎಂದರು ಆಕೆ. ಸರಿ, ಮತ್ತೆ ದೊಡ್ಡ ಹಂಡೆಗೆ ನೀರು ತುಂಬಿ, ಕಪ್ಪಿಗೆ ಹತ್ತಿರವಾಗುವಷ್ಟು ಗಾಢವಾಗಿ ಬಣ್ಣ ಕದಡಿ, ನಿನ್ನೆಯವನ್ನೂ ಇವತ್ತಿನವನ್ನೂ ಒದ್ದೆ ಮಾಡಿ ಒಟ್ಟಿಗೇ ಮುಳುಗಿಸಿದಳು. ಪುಡಿಯ ಡಬ್ಬಗಳನ್ನು ಅಟ್ಟಕ್ಕೇರಿಸಿ ಕೋಲನ್ನು ಅವನ ಕೈಗಿತ್ತಳು.

“ಸ್ಟೂಲ್ ಮೇಲೆ ಕೂತು ಕಲಕ್ತಾ ಇರಿ. ನಿಲ್ಲಿಸಿದ್ರೆ ಮಡಿಕೆ ಇದ್ದ ಕಡೆ ಪಟ್ಟೆ ಬೀಳುತ್ತೆ.”

“ಎಲ್ಲಿ ತನಕ?”

“ನಾನು ಹೇಳೋ ತನಕ.”

ಗೋಡೆಗೊರಗಿ ಕೂತವಳಿಗೆ ಹಾಗೇ ಜೊಂಪು ಹತ್ತಿತು. ಎಚ್ಚರವಾದಾಗ ಒಲೆ ಆರಿತ್ತು, ನೀರು ಉಗುರುಬೆಚ್ಚಗಾಗಿತ್ತು. ಅವನು ಒಂದು ಕೈಯಿಂದ ಬೆನ್ನು ಒತ್ತಿಕೊಂಡು ಇನ್ನೂ ಕಲಕುತ್ತಲೇ ಇದ್ದ.