ಪಾದ್ರಿ ಕಾವಲಿನ ಕಾಲುದಾರಿ

ವೆಂಡೆಲಿನ್ ಆ ದಾರಿಯನ್ನು ಮೊದಲು ಎಳೆದದ್ದು ನನ್ನ ಹಿಟ್ಟಿನ ಮಣೆಯ ಮೇಲೆ.

ಸೆಪ್ಟೆಂಬರಿನ ಒಂದು ಶನಿವಾರ. ಪ್ಲಮ್ ಕೇಕಿಗೆ ಹಿಟ್ಟು ನಾದಿ, ಬಟ್ಟೆ ಮುಚ್ಚಿಟ್ಟು, ಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಕಿಟಕಿಯ ಬಿಸಿಲು ಮಣೆಯ ಮೇಲೆ ಬಿದ್ದಿತ್ತು. ಮಣೆಯಲ್ಲಿ ಉಳಿದಿದ್ದ ಹುಡಿಹಿಟ್ಟನ್ನು ನನ್ನ ಗಂಡ ಅಂಗೈಯಿಂದ ಸವರಿ ಸಮ ಮಾಡಿ, ತೋರುಬೆರಳಿನಿಂದ ಒಂದು ಡೊಂಕು ಗೆರೆ ಎಳೆದ.

“ನೋಡು ಒಟ್ಟಿಲಿ, ಇದು ಹಳ್ಳ,” ಎಂದು ನನ್ನನ್ನು ಕರೆದು ತೋರಿಸಿದ. “ಇದು ಸೌದೆ ಒಟ್ಟೋ ರಸ್ತೆ. ಇಲ್ಲಿ ಹೇಜಲ್ ಪೊದೆ. ಇಲ್ಲಿಂದ ಪೈನ್ ತೋಪು.” ಒಂದು ಪ್ಲಮ್ ಬೀಜ ತೆಗೆದು ಮಣೆಯ ಮೇಲಂಚಿನಲ್ಲಿಟ್ಟ. “ಇದು ನನ್ನ ಬೇಟೆ ಅಟ್ಟಣೆ, ಕಾವಲಿನ ಹುಲ್ಲಿನ ಅಂಚಿಗೆ.”

“ರಸ್ತೆಯಿಂದ ನೇರ ಹೋದರೆ ಹತ್ತು ನಿಮಿಷ. ನೀನು ಊರೆಲ್ಲಾ ಸುತ್ತುತಾ ಇದ್ದೀಯಲ್ಲ?”

“ನೇರ ಹೋದರೆ ಗಾಳಿ ನನ್ನ ಬೆನ್ನ ಮೇಲಿಂದ ಕಾವಲಿಗೆ ಹೋಗುತ್ತೆ. ನೀನು ಮಧ್ಯಾಹ್ನ ಹುರಿದ ಈರುಳ್ಳಿ ನನಗಿಂತ ಮುಂಚೆ ಹೋಗಿ, ಬರ್ತಾ ಇದ್ದಾನೆ ಅಂತ ಜಿಂಕೆಗಳಿಗೆ ಹೇಳಿಬಿಡುತ್ತೆ. ಸಂಜೆ ಗಾಳಿ ಮೇಲಿಂದ ಕೆಳಗೆ ಇಳಿಯುತ್ತೆ, ಒಟ್ಟಿಲಿ. ಅದಕ್ಕೆ ನಾನು ಕೆಳಗಿಂದ ಹತ್ತಬೇಕು. ಹಳ್ಳದ ಪಕ್ಕ ಹೋದರೆ ನೀರಿನ ಸದ್ದು ಕಾಲಿನ ಸದ್ದನ್ನ ನುಂಗುತ್ತೆ. ಪೈನ್ ತೋಪಲ್ಲಿ ನೆಲ ಹಾಸಿಗೆ ಇದ್ದ ಹಾಗೆ. ಕೊನೇ ನೂರು ಹೆಜ್ಜೆ ಮಾತ್ರ ಬೀಚ್ ಮರದ ಕೆಳಗೆ.” ಅವನ ಬೆರಳು ಅಲ್ಲಿ ನಿಂತಿತು. “ಅಲ್ಲೇ ಕಷ್ಟ.”

ಅಲ್ಲೇ ಕಷ್ಟವೆಂದು ನನಗೂ ಗೊತ್ತಿತ್ತು. ಅಕ್ಟೋಬರಿನಲ್ಲಿ ಬೀಚ್ ಎಲೆ ಹಪ್ಪಳದಂತೆ ಒಣಗಿರುತ್ತದೆ. ಕಳೆದ ಚಳಿಗಾಲ ಲಕ್ವ ಹೊಡೆದ ಮೇಲೆ ವೆಂಡೆಲಿನ್‌ನ ಎಡಗಾಲು ಎತ್ತಲು ಬರುವುದಿಲ್ಲ, ಎಳೆಯಲು ಬರುತ್ತದೆ. ಬಲಗಾಲು ಟಪ್ ಎಂದು ಊರುತ್ತದೆ, ಎಡಗಾಲು ಸರ್ ಎಂದು ಹಿಂದೆ ಬರುತ್ತದೆ, ಆಮೇಲೆ ಕೋಲು ಸರಿಮಾಡಿಕೊಳ್ಳಲು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಮನೆಯಲ್ಲಿ ಅವನು ಯಾವ ಕೋಣೆಯಲ್ಲಿದ್ದಾನೆಂದು ನಾನು ತಲೆಯೆತ್ತದೆ ಹೇಳಬಲ್ಲೆ.

ಊರ ಕಾಡಿನ ಬೇಟೆ ಗುತ್ತಿಗೆ ಲಾಂಪರ್ಟ್‌ನದು. ಮರ ಕೊಯ್ಯುವ ಗಿರಣಿಯವನು, ಬಾಗಿಲು ತುಂಬುವಂಥ ಆಳು. ಯಾರು ಯಾವ ಅಟ್ಟಣೆಯಲ್ಲಿ ಕೂರಬೇಕೆಂದು ಅವನು ಪ್ರತಿ ನವೆಂಬರ್ ಮೂರಕ್ಕೆ, ಬೇಟೆಗಾರರ ಸಂತ ಹುಬರ್ಟಸ್ ಹಬ್ಬದ ದಿನ, ಇಗರ್ಜಿಯ ಪೂಜೆ ಮುಗಿದ ಮೇಲೆ ಹೇಳುತ್ತಾನೆ. ಪಾದ್ರಿ ಕಾವಲಿನ ಅಟ್ಟಣೆ ಮೂವತ್ತೊಂದು ವರ್ಷದಿಂದ ವೆಂಡೆಲಿನ್‌ನದು. ಈ ಸಲ ಲಾಂಪರ್ಟ್ ಆಗಸ್ಟ್‌ನಲ್ಲೇ ಬಂದು ನಮ್ಮ ಜಗಲಿಯಲ್ಲಿ ಕೂತು, ಎರಡು ಲೋಟ ಸೇಬಿನ ವೈನ್ ಮುಗಿಸುವ ತನಕ ಹವಾಮಾನ ಮಾತಾಡಿದ. ಆಮೇಲೆ ಹೇಳಿದ:

“ನೋಡು ವೆಂಡೆಲಿನ್, ನೀನು ಹೊಡೀತೀಯೋ ಬಿಡ್ತೀಯೋ ಅದು ಬೇರೆ. ಆದರೆ ಅಲ್ಲಿ ಒಂದು ಜಿಂಕೆ ಬೊಗಳಿದರೆ ಆ ಸಂಜೆ ಮೂರು ಅಟ್ಟಣೆಯವರು ಎದ್ದು ಮನೆಗೆ ಹೋಗಬೇಕು. ನಾನು ಅವರಿಗೆ ಏನು ಹೇಳಲಿ?”

“ನನ್ನ ಕಾಲಿಗೆ ಹೇಳು,” ಅಂದ ವೆಂಡೆಲಿನ್.

“ತಮಾಷೆ ಬೇಡ. ಹಬ್ಬದೊಳಗೆ ಒಂದೇ ಒಂದು ಸಲ, ಜಿಂಕೆ ಬೊಗಳದ ಹಾಗೆ ಹತ್ತಿ ಕೂತು ತೋರಿಸು. ಅಟ್ಟಣೆ ನಿನ್ನದೇ. ಆಗಲಿಲ್ಲ ಅಂದ್ರೆ ನನ್ನನ್ನ ಬೈಬೇಡ.”

ನಮ್ಮ ಕಾಡಿನ ಜಿಂಕೆ ಬೆದರಿದರೆ ನಾಯಿಯ ಹಾಗೆ ಬೊಗಳುತ್ತದೆ, ನಾಯಿಗಿಂತ ಒರಟಾಗಿ. ಇಳಿಜಾರಿನ ಆ ಕಡೆಗೂ ಕೇಳುತ್ತದೆ. ಮುಚ್ಚಿಡುವ ಮಾತೇ ಇಲ್ಲ.

ಹಾಗಾಗಿ ನಾವು ದಾರಿ ಮಾಡಿದೆವು. ಬೇಟೆಗೆ ಹೋಗುವ ಕಾಲುದಾರಿಯನ್ನು ಅಂಗಳದಂತೆ ಗುಡಿಸಿಡುವುದು ನಮ್ಮ ಕಡೆಯ ಪದ್ಧತಿ. ಮೊದಲು ಅದು ಅವನ ಕೆಲಸ, ಈಗ ನನ್ನದಾಯಿತು. ಹಳ್ಳದ ಪಕ್ಕದ ಕಲ್ಲುಗಳನ್ನು ಹೊರಳಿಸಿದೆ. ಪೈನ್ ತೋಪಿನಲ್ಲಿ ಅವನ ಭುಜಕ್ಕೆ ತಾಗುವ ಕೊಂಬೆಗಳನ್ನು ಕತ್ತರಿಸಿದೆ. ಬೀಚ್ ಮರಗಳ ಕೆಳಗೆ ಎರಡು ಮೊಳ ಅಗಲಕ್ಕೆ, ಕರಿ ಮಣ್ಣು ಕಾಣುವ ತನಕ, ಮರದ ಹಲ್ಲಿನ ಕೋಲಿನಿಂದ ಎಲೆ ಬಾಚಿದೆ. ಮಧ್ಯಾಹ್ನವೇ ಬಾಚಬೇಕು, ಆಗ ಜಿಂಕೆಗಳು ಪೊದೆಯೊಳಗೆ ದೂರ ಮಲಗಿರುತ್ತವೆ. ಇಂದು ಬಾಚಿದರೆ ನಾಳಿದ್ದಿಗೆ ಮತ್ತೆ ಅಷ್ಟೇ ಎಲೆ. ಮಂಜು ಕವಿದ ದಿನಗಳಲ್ಲಿ ಹಿಂದೆ ತಿರುಗಿ ನೋಡಿದರೆ ದಾರಿಯ ಎರಡೂ ತುದಿ ಕಾಣುತ್ತಿರಲಿಲ್ಲ; ಎಲ್ಲಿಂದಲೂ ಬರದೆ ಎಲ್ಲಿಗೂ ಹೋಗದೆ ನನ್ನ ಕಾಲ ಕೆಳಗೆ ಒಂದು ತುಂಡು ಕಪ್ಪು ದಾರಿ. ನಿದ್ದೆಯಲ್ಲೂ ಬಾಚುತ್ತಿದ್ದೆ. ಕನಸಿನಲ್ಲಿ ಎಲೆ ಬೀಳುತ್ತಲೇ ಇದ್ದವು, ನೆಲ ಮಾತ್ರ ಮುಟ್ಟುತ್ತಿರಲಿಲ್ಲ.

ವೆಂಡೆಲಿನ್ ಎಡಗಾಲಿನ ಬೂಟಿಗೆ ಹಳೇ ಉಣ್ಣೆಬಟ್ಟೆ ಸುತ್ತಿ ಹೊಲಿದ. ಕೊಟ್ಟಿಗೆಯ ಏಣಿಯಲ್ಲಿ ಹತ್ತಿ ಇಳಿದು ಅಭ್ಯಾಸ ಮಾಡಿದ. ಗಾಳಿ ನೋಡಲು ಒಂದು ಸಣ್ಣ ಚೀಲದಲ್ಲಿ ನನ್ನ ಡಬ್ಬಿಯ ಹಿಟ್ಟನ್ನೇ ತುಂಬಿಕೊಂಡ. ಚಿಟಿಕೆ ತೂರಿದರೆ ಅದು ತೇಲುತ್ತ ಯಾವ ಕಡೆ ಹೋಗುತ್ತದೆಂದು ಕಾಣುತ್ತದೆ.

ಅಕ್ಟೋಬರಿನಲ್ಲಿ ಮೂರು ಸಲ ಹೋದೆವು. ಅವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಾನು, ಬಿದ್ದರೆ ಹಿಡಿಯಲು. ನಾನು ತೆಳು ಅಟ್ಟೆಯ ಚಪ್ಪಲಿ ಹಾಕಿ, ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದೆ. ಹಿಟ್ಟು ಪ್ರತಿ ಸಲ ನಮ್ಮ ಕಡೆಗೇ ತೇಲಿ ಬಂತು, ಗಾಳಿಯಲ್ಲಿ ತಪ್ಪಿರಲಿಲ್ಲ. ಆದರೂ ಮೊದಲ ಸಲ ಪೈನ್ ತೋಪಿನಲ್ಲೇ ಬೊಗಳಿತು. ಎರಡನೇ ಸಲ ಬೀಚ್ ಮರಗಳ ಹತ್ತಿರ. ಮೂರನೇ ಸಲ ಅಟ್ಟಣೆಯ ಏಣಿಗೆ ಇಪ್ಪತ್ತು ಹೆಜ್ಜೆ ಇರುವಾಗ, ಎದೆಗೆ ಒದ್ದಂತೆ ಆ ಸದ್ದು. ಜಿಂಕೆಗಳ ಬಿಳಿ ಹಿಂಭಾಗಗಳು ಮಬ್ಬಿನಲ್ಲಿ ಕುಪ್ಪಳಿಸಿ ಮರೆಯಾದವು.

“ಅದಕ್ಕೆ ನನ್ನ ಹೆಸರು ಗೊತ್ತಾಗಿಬಿಟ್ಟಿದೆ,” ಅಂದ ವೆಂಡೆಲಿನ್. ನಗಲಿಲ್ಲ.

ಮನೆಗೆ ಬಂದು ಕೋವಿ ಕಪಾಟಿನ ಬೀಗದ ಕೈಯನ್ನು ನನ್ನ ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟ. “ಇನ್ನು ನೀನೇ ಇಟ್ಕೋ.”

ಅವನ ಕಾಲನ್ನು ನಾನು ಬೈಯಲಿಲ್ಲ. ಆದರೆ ಆ ರಾತ್ರಿ ಮನಸ್ಸಿನಲ್ಲಿ ಬೈದೆ, ಅದನ್ನು ಹೇಳಿಬಿಡಬೇಕು.

ಹಬ್ಬಕ್ಕೆ ಆರು ದಿನ ಉಳಿದಿತ್ತು. ಅವನು ಇನ್ನು ಹೋಗುವುದಿಲ್ಲವೆಂದು ಗೊತ್ತಿದ್ದೂ, ಮಧ್ಯಾಹ್ನವಾದಾಗ ನನ್ನ ಕೈ ತಾನಾಗಿ ಬಾಚುವ ಕೋಲು ಹಿಡಿಯಿತು. ಅಂದು ನಿಧಾನವಾಗಿ ಬಾಚಿದೆ. ಮುಗಿಸಿದಾಗ ಬಿಸಿಲು ಓರೆಯಾಗಿತ್ತು. ಒಂದು ದೊಡ್ಡ ಬೀಚ್ ಬೇರಿನ ಮೇಲೆ ಕೂತು ಬೆನ್ನು ಒರಗಿಸಿದೆ. ಎಲೆಗಳು ಒಂದೊಂದೇ, ಬಿಡುವಿದ್ದಾಗ ಬಂದವರಂತೆ, ಇಳಿಯುತ್ತಿದ್ದವು. ತೂಕಡಿಸಿದೆನೋ ಏನೋ.

ಆಗ ಕೇಳಿಸಿತು. ಟಪ್. ಸರ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಪ್. ಸರ್.

ಬಂದೇಬಿಟ್ಟನಲ್ಲ ಮಹಾರಾಯ, ಒಬ್ಬನೇ, ಕೋಲು ಊರಿಕೊಂಡು, ಎಂದು ಎದೆ ಹಾರಿತು. ಅವನ ಹೆಸರು ತುಟಿಯ ತನಕ ಬಂದಿತ್ತು. ಕಣ್ಣು ತೆರೆದರೆ ನಾನು ಗುಡಿಸಿದ ದಾರಿಯ ಮೇಲೆ ಒಂದು ಹೆಣ್ಣು ಜಿಂಕೆ. ಒಂದು ಹೆಜ್ಜೆ ಇಡುತ್ತದೆ, ದಾರಿಯ ಅಂಚಿನ ಎಲೆಯನ್ನು ಮೂಗಿನಿಂದ ಸರಿಸುತ್ತದೆ, ನಿಂತು ಅಗಿಯುತ್ತದೆ. ಹಿಂದೆ ಅದರ ಮರಿ, ಅದೇ ರೀತಿ. ಚಿನ್ನದ ಬಣ್ಣದ ಬೆಳಕಿನಲ್ಲಿ ಅವು ನನ್ನನ್ನು ದಾಟಿ, ನನ್ನ ಗಂಡನ ನಡಿಗೆಯನ್ನೇ ನಡೆಯುತ್ತ ಮೇಲೆ ಹೋದವು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಅಕ್ಟೋಬರಿನ ಆ ಬೆಳಕು ಮುಗಿಯುವುದೇ ಇಲ್ಲ ಅನ್ನಿಸಿತ್ತು.

ಚಳಿ ಹತ್ತಿ ಎದ್ದೆ. ನನ್ನ ತೆಳು ಚಪ್ಪಲಿಯಲ್ಲಿ, ಗುಡಿಸಿದ ನೆಲದ ಮೇಲೆ, ಬಹಳ ಮೆತ್ತಗೆ ಮನೆಯ ಕಡೆ ನಡೆದೆ. ಒಂದು, ಎರಡು, ಮೂರು, ನಾಲ್ಕು. ಐದನೇ ಹೆಜ್ಜೆಗೆ ಮೇಲಿಂದ ಜಿಂಕೆ ಬೊಗಳಿತು.

ಅಲ್ಲೇ ನಿಂತುಬಿಟ್ಟೆ. ಎರಡೇ ಕಾಲಲ್ಲಿ, ಗಡಿಯಾರದಂತೆ ತಪ್ಪದೆ ಹೆಜ್ಜೆ ಹಾಕುವ ಪ್ರಾಣಿ ಕಾಡಿನಲ್ಲಿ ಒಂದೇ ಒಂದು.

ಮನೆಗೆ ಬಂದಾಗ ವೆಂಡೆಲಿನ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ನಾನು ಕೋಟು ಬಿಚ್ಚದೆ ಹೇಳಿದೆ: “ಬೊಗಳಿಸಿದ್ದು ನಿನ್ನ ಕಾಲಲ್ಲ. ನನ್ನ ಕಾಲು.”

ಅವನ ಚಾಕು ನಿಂತಿತು. “ಗೊತ್ತು,” ಅಂದ.

“ಏನು ಗೊತ್ತು?”

“ಎರಡನೇ ಸಲ ನಾನು ಸುಸ್ತಾಗಿ ನಿಂತಿದ್ದೆ. ನೀನು ನೋಡದೆ ಇನ್ನೆರಡು ಹೆಜ್ಜೆ ಹಾಕಿದೆ. ಆಗಲೇ ಬೊಗಳಿದ್ದು.”

“ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿನಗೆ? ಮೂರನೇ ಸಲಾನೂ ಕರ್ಕೊಂಡು ಹೋದೆಯಲ್ಲ!”

ಅವನು ಆಲೂಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಒಬ್ಬನೇ ಹೋಗೋಕೆ ನನಗೂ ಭಯ, ಒಟ್ಟಿಲಿ.”

ನಾನು ಕುರ್ಚಿ ಎಳೆದು ಕೂತೆ. ಬಹಳ ಹೊತ್ತು ಇಬ್ಬರೂ ಸಿಪ್ಪೆ ತೆಗೆದೆವು. ನಾಲ್ಕು ಜನಕ್ಕಾಗುವಷ್ಟು ಆಯಿತು. ಏಳುವಾಗ ಉಪ್ಪಿನ ಡಬ್ಬಿಯ ಪಕ್ಕದಿಂದ ಬೀಗದ ಕೈ ತೆಗೆದು ಅವನ ಮುಂದಿಟ್ಟೆ.

ಹಬ್ಬದ ಹಿಂದಿನ ಸಂಜೆ. ಕಾವಲಿನ ಆಚೆ ಬದಿಯಲ್ಲಿ, ಗಾಳಿಗೆ ಅಡ್ಡವಾಗಿ ಒಂದು ಬೆಂಚಿದೆ. ಅಲ್ಲಿಂದ ಹುಲ್ಲಿನಾಚೆ ಅಟ್ಟಣೆಯ ಕಿಟಕಿ ಕಾಣುತ್ತದೆ. ಅಲ್ಲಿ ಲಾಂಪರ್ಟ್ ಮತ್ತು ನಾನು. ಹತ್ತಿ ಕೂತ ಮೇಲೆ ಟೋಪಿಯನ್ನು ಕಿಟಕಿಯ ಅಡ್ಡಹಲಗೆಯ ಮೇಲೆ ಇಡಬೇಕೆಂದು ಮಾತಾಗಿತ್ತು. ಕಾವಲಿನಲ್ಲಿ ಐದು ಜಿಂಕೆ ಮೇಯುತ್ತಿದ್ದವು, ಮಂಜು ಅವುಗಳ ಮೊಣಕಾಲ ತನಕ.

ಲಾಂಪರ್ಟ್ ಲಿವರ್ ಸಾಸೇಜ್ ಹಚ್ಚಿದ ಬ್ರೆಡ್ ಚಾಚಿದ. ಬೇಡವೆಂದೆ.

“ಅವನು ಬಿದ್ದರೆ?” ಎಂದು ಪಿಸುಗುಟ್ಟಿದೆ.

“ಬಿದ್ದರೆ ಏಳ್ತಾನೆ.”

“ಏಳೋಕೆ ಆಗದಿದ್ರೆ?”

“ಆಗ ಅವನೇ ಬೊಗಳ್ತಾನೆ. ಸುಮ್ನೆ ಕೂತ್ಕೋ.”

ಕಣ್ಣು ಮುಚ್ಚಿಕೊಂಡೆ. ಹಿಟ್ಟಿನ ಮಣೆ ಕಂಡಿತು. ಅವನು ಈಗ ಹಳ್ಳದ ಪಕ್ಕ. ಈಗ ಹೇಜಲ್ ಪೊದೆ, ಅಲ್ಲಿ ನಿಂತು ಒಂದು ಚಿಟಿಕೆ ತೂರುತ್ತಾನೆ. ಈಗ ಪೈನ್ ತೋಪು, ಆ ಮೆತ್ತನೆಯ ಕತ್ತಲೆ. ಹಿಟ್ಟಿನಲ್ಲಿ ಎಳೆದ ಗೆರೆಯ ಮೇಲೆ ಅವನು ಸಣ್ಣವನಾಗಿ, ಸದ್ದಿಲ್ಲದೆ, ಪ್ಲಮ್ ಬೀಜದ ಕಡೆ ಹೋಗುತ್ತಿದ್ದ. ಹಿಂದೆ ನಾಲ್ಕು ಹೆಜ್ಜೆಯಲ್ಲಿ ಯಾರೂ ಇರಲಿಲ್ಲ. ಅದನ್ನು ನೋಡುವುದೇ ಕಷ್ಟವಾಗಿತ್ತು.

“ಕಣ್ಣು ಬಿಡು,” ಅಂದ ಲಾಂಪರ್ಟ್.

ಅಂಚಿನಲ್ಲಿದ್ದ ಹೆಣ್ಣು ಜಿಂಕೆ ತಲೆಯೆತ್ತಿತ್ತು. ಕಿವಿ ಎರಡೂ ಬೀಚ್ ಮರಗಳ ಕಡೆ. ನಾನು ಬೆಂಚಿನ ಹಲಗೆ ಹಿಡಿದುಕೊಂಡೆ. ಬೊಗಳಿದರೆ ನಾಳೆ ಬೆಳಿಗ್ಗೆ ಇಗರ್ಜಿಯ ಬಾಗಿಲಲ್ಲಿ ಲಾಂಪರ್ಟ್ ಬೇರೊಬ್ಬರ ಹೆಸರು ಹೇಳುತ್ತಾನೆ. ಜಿಂಕೆ ಕೇಳಿಸಿಕೊಂಡಿತು. ನಮಗೆ ಕೇಳದ ಏನೋ ಒಂದನ್ನು, ತನ್ನ ಕಡೆಯವರ ಸದ್ದನ್ನು ಕೇಳುವಂತೆ, ಬಹಳ ಹೊತ್ತು ಕೇಳಿಸಿಕೊಂಡಿತು. ಬಾಲ ಒಮ್ಮೆ ಅಲ್ಲಾಡಿಸಿತು. ತಲೆ ತಗ್ಗಿಸಿ ಮತ್ತೆ ಮೇಯಿತು.

ಊರಲ್ಲಿ ಸಂಜೆಯ ಗಂಟೆ ಹೊಡೆದು ನಿಂತಿತು. ಲಾಂಪರ್ಟ್ ದುರ್ಬೀನು ಕಣ್ಣಿಗಿಟ್ಟುಕೊಂಡವನು ಇಳಿಸಲೇ ಇಲ್ಲ. ಆಮೇಲೆ ನನ್ನ ಕೈಗೆ ಕೊಟ್ಟ. ಅಡ್ಡಹಲಗೆಯ ಮೇಲೆ ಸ್ವಲ್ಪ ಸೊಟ್ಟಗೆ ಹಸಿರು ಟೋಪಿ ಕೂತಿತ್ತು.

“ಸರಿ. ನಾಳೆ ಹೇಳೋದನ್ನ ಹೇಳ್ತೀನಿ,” ಅಂದ ಲಾಂಪರ್ಟ್. ಮೂಗು ಒರೆಸಿಕೊಂಡ, ಚಳಿಯೂ ಇತ್ತು. “ನಡಿ, ನನಗೆ ಕಾಲು ಮರಗಟ್ಟಿದೆ.”

“ಈಗ ಎದ್ದರೆ ನಾವೇ ಎಲ್ಲಾ ಓಡಿಸಿಬಿಡ್ತೀವಿ. ಈ ವರ್ಷ ಅವನು ಕೂತ ಮೊದಲ ಸಂಜೆ.”

“ಹಾಗಂತ ಕತ್ತಲಾಗೋ ತನಕ ಇಲ್ಲೇ ಹೆಪ್ಪುಗಟ್ಟಲಾ?”

ನಾನು ಎದ್ದೆ. ಬಲಗಾಲು ಊರಿದೆ. ಎಡಗಾಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಎಳೆದೆ. ನಿಂತೆ. ಮತ್ತೆ ಊರಿದೆ, ಎಳೆದೆ, ನಿಂತೆ. ತಿರುಗಿ ನೋಡಿದರೆ ಲಾಂಪರ್ಟ್ ಬಾಯಿ ತೆರೆದುಕೊಂಡಿದ್ದ. “ನನ್ನ ಹಾಗೇ ಬಾ,” ಎಂದು ಕೈಸನ್ನೆ ಮಾಡಿದೆ. ಒಂದು ಕ್ಷಣ ಅತ್ತ ಇತ್ತ ನೋಡಿ, ಅಷ್ಟು ದೊಡ್ಡ ಆಳು ಟೋಪಿ ಕೆಳಗೆಳೆದುಕೊಂಡು, ಎಡಗಾಲು ಎಳೆಯುತ್ತ ನನ್ನ ಹಿಂದೆ ಬಂದ. ಕಾವಲಿನ ಅಂಚಿನಲ್ಲಿ ಮಂಜು ತುಳಿಯುತ್ತ ನಾವಿಬ್ಬರೂ ಹಾಗೆ ಸಾಗಿದೆವು. ಐದರಲ್ಲಿ ಒಂದೂ ತಲೆಯೆತ್ತಲಿಲ್ಲ.

ಆ ಸಂಜೆ ಗುಂಡಿನ ಸದ್ದು ಬರಲಿಲ್ಲ. ಒಲೆಗೆ ಸೌದೆ ಹಾಕುತ್ತಿದ್ದಾಗ ಹೊರಗೆ ಕಲ್ಲಿನ ಮೇಲೆ ಕೇಳಿಸಿತು: ಟಪ್, ಸರ್, ಸ್ವಲ್ಪ ಹೊತ್ತು ಏನಿಲ್ಲ. ಬಾಗಿಲು ತೆರೆದೆ. ವೆಂಡೆಲಿನ್‌ನ ಮೀಸೆಯ ತುಂಬ ಹಿಟ್ಟು. ಒಳಗೆ ಬಂದವನು ಕೋಲು ಮೂಲೆಗೆ ಒರಗಿಸಿ, ದುರ್ಬೀನು ಕೊರಳಿಂದ ತೆಗೆದು, ಗಂಭೀರವಾಗಿ ನನ್ನ ಮುಖ ನೋಡಿದ.

“ಒಟ್ಟಿಲಿ,” ಅಂದ, “ಲಾಂಪರ್ಟ್‌ಗೆ ಯಾವಾಗ ಲಕ್ವ ಹೊಡೀತು?”